ಮೂರು ಲಕ್ಷಕ್ಕೆ ಸಹಿ ಹಾಕುವ ಮೊದಲು

ಟೈಲರ್ ಆಗಿದ್ದ ನಿಮ್ಮ ತಂದೆ, 52 ವರ್ಷ, ಕಾರು ಡಿಕ್ಕಿಯಾಗಿ ತೀರಿಕೊಂಡು ಮೂರು ವಾರವಾಗಿದೆ. ಕಾರಿನವರು ಮನೆಗೆ ಬಂದು ಮೂರು ಲಕ್ಷ ಕೊಡುತ್ತೇವೆ, ರಾಜಿ ಪತ್ರಕ್ಕೆ ಸಹಿ ಹಾಕಿ ಎನ್ನುತ್ತಿದ್ದಾರೆ. ಹಾಕಬಹುದೇ ಎಂದು ಕೇಳಿದ್ದೀರಿ. ಹಾಕಬೇಡಿ. ನಾನು ವಕೀಲನಲ್ಲ. ನಮ್ಮ ಭಾವ 2021ರಲ್ಲಿ ತಿಪಟೂರಿನ ಹತ್ತಿರ ಲಾರಿಗೆ ಸಿಕ್ಕಿ ಹೋದಾಗ ಅಕ್ಕನ ಜೊತೆ ಮೂರು ವರ್ಷ ಕೋರ್ಟಿಗೆ ಅಲೆದವನು.

ಪೊಲೀಸರು ಚಾಲಕನ ಮೇಲೆ ಹಾಕಿರುವ ಕೇಸು ಬೇರೆ, ನೀವು ಹಾಕಬೇಕಾದ ಪರಿಹಾರದ ಅರ್ಜಿ ಬೇರೆ. ಮೊದಲನೆಯದು ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಮಿನದು, ಐದು ವರ್ಷದವರೆಗೆ ಶಿಕ್ಷೆ. ಅದನ್ನು ನಡೆಸುವುದು ಸರ್ಕಾರ. ನಿಮ್ಮ ಜಗಲಿಯಲ್ಲಿ ಕುಳಿತು ರಾಜಿಯಲ್ಲಿ ಮುಗಿಸುವಂಥದ್ದಲ್ಲ. ಎರಡನೆಯದನ್ನು ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹಾಕಬೇಕು. ಗಡುವು ಅಪಘಾತದ ದಿನದಿಂದ ಆರು ತಿಂಗಳು. ಅಪಘಾತ ಎಲ್ಲೇ ಆಗಿರಲಿ, ನೀವು ವಾಸವಿರುವ ಊರಿನ ವ್ಯಾಪ್ತಿಯಲ್ಲೇ ಹಾಕಬಹುದು.

ಕಾರಿಗೆ ವಿಮೆ ಇದ್ದರೆ ಹಣ ಕೊಡುವುದು ವಿಮಾ ಕಂಪನಿ. ಹಾಗಿದ್ದೂ ಅವರು ತಮ್ಮ ಕೈಯಿಂದ ಮೂರು ಲಕ್ಷ ಹಿಡಿದು ಬಂದಿದ್ದಾರೆಂದರೆ ನನಗೆ ಅನುಮಾನ. ವಿಮೆಯ ಅವಧಿ ಮುಗಿದಿರಬಹುದು, ಓಡಿಸಿದವನಿಗೆ ಲೈಸೆನ್ಸ್ ಇಲ್ಲದಿರಬಹುದು. ಗಾಡಿಯ ನಂಬರ್ ಹಿಡಿದು ಇವತ್ತೇ ವಿಚಾರಿಸಿ. ಅವರು ತಂದ ಕಾಗದವನ್ನೂ ಪೂರ್ತಿ ಓದಿ. ನಮ್ಮ ಮನೆಗೆ ಬಂದಿದ್ದ ಪತ್ರದ ನಡುವೆ, ಮೃತರು ಅಡ್ಡ ಬಂದಿದ್ದರಿಂದ ಎಂಬ ಒಂದೇ ಒಂದು ಸಾಲು ಇತ್ತು. ಅದಕ್ಕೆ ಅಕ್ಕನ ಸಹಿ ಬಿದ್ದಿದ್ದರೆ ಮುಂದೆ ವಿಮೆಯವರಿಗೆ ಅದೊಂದೇ ಸಾಕಾಗುತ್ತಿತ್ತು.

ಇನ್ನು ಲೆಕ್ಕ. ತಂದೆಯ ದುಡಿಮೆ ತಿಂಗಳಿಗೆ 18,000 ಎಂದುಕೊಳ್ಳೋಣ. ಸ್ವಂತ ಉದ್ಯೋಗದವರು, ವಯಸ್ಸು 50 ದಾಟಿದೆ, ಹಾಗಾಗಿ ಮುಂದಿನ ಏರಿಕೆಗೆಂದು ಶೇ. 10 ಸೇರಿಸುತ್ತಾರೆ: 19,800. ತಾಯಿ, ಓದುತ್ತಿರುವ ನೀವು, ನಿಮ್ಮ ತಂಗಿ, ಮೂವರು ಅವಲಂಬಿತರಾದ್ದರಿಂದ ತಂದೆಯ ಸ್ವಂತ ಖರ್ಚಿಗೆಂದು ಮೂರನೇ ಒಂದು ಭಾಗ ಕಳೆಯುತ್ತಾರೆ: 13,200. ವರ್ಷಕ್ಕೆ 1,58,400. ಇದನ್ನು ಎಷ್ಟರಿಂದ ಗುಣಿಸಬೇಕು ಎಂಬುದು ತೀರಿಕೊಂಡವರ ವಯಸ್ಸಿನ ಮೇಲೆ ನಿಲ್ಲುತ್ತದೆ, ಅದಕ್ಕೆ ಗುಣಕ ಎನ್ನುತ್ತಾರೆ. ತಂದೆಯ ವಯಸ್ಸಿಗೆ ಅದು 11. ಒಟ್ಟು 17,42,400 ರೂಪಾಯಿ. ಸುಪ್ರೀಂ ಕೋರ್ಟ್ 2009 ಮತ್ತು 2017ರ ತೀರ್ಪುಗಳಲ್ಲಿ ಹಾಕಿಕೊಟ್ಟ ಲೆಕ್ಕ ಇದು. ಅಂತ್ಯಕ್ರಿಯೆಯ ಖರ್ಚು, ಸಾಂಗತ್ಯದ ನಷ್ಟ (ಮನೆಯವರು ಅವರ ಒಡನಾಟ ಕಳೆದುಕೊಂಡದ್ದಕ್ಕೆ), ಅರ್ಜಿ ಹಾಕಿದ ದಿನದಿಂದ ಬಡ್ಡಿ ಇವೆಲ್ಲ ಮೇಲಿನದು. ತಪ್ಪು ಯಾರದೆಂದು ಸಾಬೀತು ಮಾಡದೆಯೇ ಕೇಳಬಹುದಾದ 164ನೇ ಕಲಮಿನಲ್ಲೂ ಸಾವಿಗೆ 5 ಲಕ್ಷವಿದೆ. ಅವರ ಮೂರು ಲಕ್ಷ ಅದಕ್ಕಿಂತಲೂ ಕಡಿಮೆ.

ಆದರೆ ಆ 18,000ವನ್ನು ನೀವು ತೋರಿಸಬೇಕು. ಜಗಳವೆಲ್ಲ ನಡೆಯುವುದು ಅಲ್ಲೇ. ಭಾವ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದರು, ಆದಾಯ ತೆರಿಗೆ ಕಟ್ಟಿದವರಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಗಿರಣಿಯ ಎರಡು ವರ್ಷದ ಕರೆಂಟ್ ಬಿಲ್ಲುಗಳು ಮತ್ತು ಹಾಲಿನ ಡೈರಿಯ ಪಾಸ್‌ಬುಕ್. ಅದರ ಮೇಲೆ ಸಗಣಿಯ ಕಲೆ ಇತ್ತು, ಅಕ್ಕ ಒರೆಸಿ ಒರೆಸಿ ಕೊಟ್ಟಳು. ಇನ್ನೊಂದು ಪೇಚು ವಯಸ್ಸಿನದು. ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ಅಂದಾಜಿಗೆ 45 ಎಂದು ಬರೆದಿದ್ದರು. ಭಾವನಿಗೆ ಆಗ 40. ಗುಣಕ 15 ಇರಬೇಕಾದದ್ದು 14ಕ್ಕೆ ಇಳಿಯುತ್ತಿತ್ತು, ಅಂದರೆ ಒಂದು ಇಡೀ ವರ್ಷದ ದುಡಿಮೆ ಹೋಗುತ್ತಿತ್ತು. ಟ್ರಂಕಿನ ತಳದಲ್ಲಿದ್ದ ಶಾಲೆಯ ವರ್ಗಾವಣೆ ಪತ್ರ ಅದನ್ನು ಉಳಿಸಿತು.

ಠಾಣೆಯಿಂದ ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ವಾಹನ ನಿರೀಕ್ಷಕರ ವರದಿ, ಮರಣೋತ್ತರ ವರದಿ, ದೋಷಾರೋಪ ಪಟ್ಟಿ ಎಲ್ಲದರ ಪ್ರತಿ ಪಡೆಯಿರಿ. ಬಂದದ್ದರಲ್ಲಿ ಇಷ್ಟು ಪಾಲು ನನಗೆ ಎನ್ನುವ ವಕೀಲರು ನಿಮಗೂ ಸಿಗುತ್ತಾರೆ. ಹಾಗೆ ಪಾಲು ಕೇಳಲು ವಕೀಲರ ನಿಯಮಗಳಲ್ಲೇ ಅವಕಾಶವಿಲ್ಲ. ನಿಮ್ಮ ತಾಯಿಗೆ, ಮಹಿಳೆ ಎಂಬ ಒಂದೇ ಕಾರಣಕ್ಕೆ, ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ನಮಗೆ ಇದು ತಿಳಿದದ್ದು ತಡವಾಗಿ.

ತಂದೆಯ ಬ್ಯಾಂಕ್ ಪಾಸ್‌ಬುಕ್ಕನ್ನೂ ತೆಗೆದು ನೋಡಿ. ವರ್ಷಕ್ಕೊಮ್ಮೆ 20 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯದಿರಬಹುದು. ಅಪಘಾತದ ಸಾವಿಗೆ 2 ಲಕ್ಷ ಬರುತ್ತದೆ. ಬ್ಯಾಂಕಿಗೆ ಈ ವಾರವೇ ಹೋಗಿ.

ಅಂಗಡಿಯ ಬಾಡಿಗೆ ಉಳಿಸಲು ಖಾಲಿ ಮಾಡುತ್ತಿದ್ದೇವೆ ಎಂದೂ ಬರೆದಿದ್ದೀರಿ. ಮಾಡಿ, ಆದರೆ ಅಳತೆ ಬರೆದಿಟ್ಟ ಪುಸ್ತಕಗಳನ್ನೂ ರಸೀದಿಯ ಕಟ್ಟುಗಳನ್ನೂ ಗುಜರಿಗೆ ಹಾಕಬೇಡಿ. ಯಾರ ಬಟ್ಟೆ, ಎಷ್ಟು ಕೂಲಿ, ಯಾವ ತಾರೀಕು ಎಂದು ನಿಮ್ಮ ತಂದೆ ತಮ್ಮ ಕೈಯಾರೆ ಬರೆದಿಟ್ಟಿರುತ್ತಾರೆ.