ಡೈವ್ ಹೊಡೆದ್ರೆ ಗಾಗಲ್ಸ್ ಬಾಯಿಗೆ ಬರುತ್ತೆ, ಏನ್ ಮಾಡ್ಲಿ?

ಪ್ರಶ್ನೆ: ಸರ್, ನಂಗೆ 15 ವರ್ಷ, 50 ಮೀಟರ್ ಫ್ರೀಸ್ಟೈಲ್ ಈಜ್ತೀನಿ. ಈಜೋದು ಪರವಾಗಿಲ್ಲ, ಆದ್ರೆ ಬ್ಲಾಕ್ (ರೇಸ್ ಶುರು ಮಾಡೋ ಕಟ್ಟೆ) ಮೇಲಿಂದ ಡೈವ್ ಹೊಡೆದಾಗ ಹೊಟ್ಟೆ ತೊಡೆ ಎಲ್ಲಾ ಚುರ್ ಅನ್ನುತ್ತೆ, ಗಾಗಲ್ಸ್ ಜಾರಿ ಬಾಯಿಗೆ ಬರುತ್ತೆ, ಎದ್ದು ನೋಡೋಷ್ಟ್ರಲ್ಲಿ ಪಕ್ಕದ ಲೇನ್‌ನವ್ರು ಒಂದಾಳು ಮುಂದೆ ಇರ್ತಾರೆ. ಕಾಲಲ್ಲಿ ಪವರ್ ಕಮ್ಮಿನಾ? ಗಾಗಲ್ಸ್ ಬದಲಾಯಿಸ್ಲಾ?

ಉತ್ತರ: ಪಾಪ ಗಾಗಲ್ಸ್‌ನ ಯಾಕೆ ಬೈತೀಯ, ತಪ್ಪು ನಿನ್ನ ಗದ್ದದ್ದು. ಹಾರಿದ ತಕ್ಷಣ ಎಲ್ಲಿ ಬೀಳ್ತೀನಪ್ಪಾ ಅಂತ ತಲೆ ಎತ್ತಿ ನೋಡ್ತಿದ್ದೀಯ, ತಲೆ ಎದ್ರೆ ಸೊಂಟ ಇಳಿಯುತ್ತೆ, ಆಮೇಲೆ ಮೈ ಚಪ್ಪಟೆಯಾಗಿ ಬೀಳದೆ ಇನ್ನೇನಾಗುತ್ತೆ? ಕೈ ಮೇಲೆ ಕೈ ಇಟ್ಟು ತೋಳುಗಳ ಮಧ್ಯೆ ತಲೆ ಸೇರಿಸ್ಕೋ, ಗದ್ದ ಎದೆ ಕಡೆ. ನೀರಲ್ಲಿ ಒಂದೇ ತೂತು ಇದೆ ಅಂದ್ಕೋ, ಬೆರಳು ಹೋದ ತೂತಲ್ಲೇ ತಲೆ, ಸೊಂಟ, ಕೊನೆಗೆ ಪಾದ ಹೋಗ್ಬೇಕು.

ಇದನ್ನ ಬ್ಲಾಕ್ ಮೇಲೇ ಕಲೀತೀನಿ ಅನ್ಬೇಡ. ಮೊದ್ಲು ಪೂಲ್ ಅಂಚಲ್ಲಿ ಕೂತು, ಆಮೇಲೆ ಒಂದು ಮಂಡಿ ಊರಿ, ಆಮೇಲೆ ನಿಂತು. ಚಿಕ್ಕ ಮಕ್ಕಳ ಥರ ಕಾಣುತ್ತೆ, ಕಾಣ್ಲಿ ಬಿಡು. ಬ್ಲಾಕ್ ಕಡೆ ಕನಿಷ್ಠ 1.35 ಮೀಟರ್ ಆಳ ಇರ್ಬೇಕು ಅನ್ನುತ್ತೆ ರೂಲ್ಸು, ಆದ್ರೆ ನೆಟ್ಟಗೆ ಕೆಳಕ್ಕೆ ನುಗ್ಗೋ ಕಲಿಯೋ ಹುಡುಗರಿಗೆ ಅದು ಏನೇನೂ ಸಾಲಲ್ಲ, ಕುತ್ತಿಗೆ ವಿಷ್ಯ ಇದು, ಆಳ ಇರೋ ಕಡೆ ಕೋಚ್ ಮುಂದೇನೇ ಮಾಡು.

ಬ್ಲಾಕ್‌ಗೆ ಬಂದ್ಮೇಲೆ ಮುಂದಿನ ಕಾಲಿನ ಬೆರಳು ಅಂಚನ್ನ ಕಚ್ಚಿ ಹಿಡಿದಿರ್ಲಿ, ಹಿಂದಿನ ಕಾಲು ಬ್ಲಾಕ್‌ನ ಹಿಂಭಾಗದ ಇಳಿಜಾರು ಪ್ಲೇಟ್ ಮೇಲೆ, ಆ ಮಂಡಿ ಹೆಚ್ಚುಕಮ್ಮಿ 90 ಡಿಗ್ರಿ ಬಗ್ಗಿರ್ಲಿ. ಸಿಗ್ನಲ್ ಬಂದಾಗ ಕೈಯಲ್ಲಿ ಬ್ಲಾಕ್‌ನ ಒಂದ್ಸಲ ಎಳೆದು ಮುಂದಕ್ಕೆ ಚಿಮ್ಮು, ಆಕಾಶಕ್ಕಲ್ಲ.

ಇನ್ನೊಂದು, ಒಂದಾಳು ಹಿಂದೆ ಬೀಳೋದು ಬರೀ ಗಾಳಿಯಲ್ಲಿ ಅಲ್ಲ, ನೀರೊಳಗೂ ಬೀಳ್ತಿರ್ತೀಯ. ನೀರಿಗೆ ಬಿದ್ದ ಕ್ಷಣ ಇರೋ ಸ್ಪೀಡ್ ನೀನು ಈಜಿ ಯಾವತ್ತೂ ತಲುಪಲ್ಲ, ಅದನ್ನ ಹಾಳು ಮಾಡ್ದೆ ಸ್ಟ್ರೀಮ್‌ಲೈನ್‌ನಲ್ಲಿ, ಅಂದ್ರೆ ಮೈ ಬಾಣದ ಥರ ನೆಟ್ಟಗೆ ಇಟ್ಕೊಂಡು ಹೋಗ್ತಾ, ಸ್ಪೀಡ್ ಇಳಿಯೋಕೆ ಮುಂಚೆ ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ ಒಟ್ಟಿಗೆ ಹೊಡೆಯೋದು) ಶುರು ಮಾಡು. 15 ಮೀಟರ್ ಗೆರೆ ಹೊತ್ತಿಗೆ ತಲೆ ಮೇಲೆ ಬಂದಿರ್ಬೇಕು, ಹಾಗಂತ ಅಲ್ಲೀತನಕ ಒಳಗೇ ಇರ್ಲೇಬೇಕು ಅಂತೇನಿಲ್ಲ, ಕಿಕ್ ವೀಕ್ ಇದ್ರೆ ಬೇಗ ಎದ್ದು ಈಜೋದೇ ಲಾಭ. ಮೊದಲ ಸ್ಟ್ರೋಕ್‌ಗೇ ಉಸಿರು ತಗೋಬೇಡ. ಗಾಗಲ್ಸ್ ಪಟ್ಟಿ ಕ್ಯಾಪ್ ಒಳಗೆ ಹಾಕ್ಕೋ, ಅಷ್ಟು ಸಾಕು.

ಪ್ರಶ್ನೆ: ರಿಲೇಲಿ ನಮ್ಮವ್ರು ಗೋಡೆ ಮುಟ್ಟೋಕೆ ಮುಂಚೆ ಕೈ ಬೀಸಿದ್ರೆ ಫೌಲಾ?

ಉತ್ತರ: ಇಲ್ಲಮ್ಮ. ಕೈ ಬೀಸು, ಮೈ ಮುಂದಕ್ಕೆ ವಾಲ್ಲಿ, ಅವ್ರು ಗೋಡೆ ಮುಟ್ಟೋ ತನಕ ಪಾದ ಬ್ಲಾಕ್ ಬಿಡದಿದ್ರೆ ಆಯ್ತು. ಬಿಟ್ರೆ ನೀನೊಬ್ಳೇ ಅಲ್ಲ, ಇಡೀ ಟೀಮ್ ಔಟ್, ಆಮೇಲೆ ಉಳಿದ ಮೂವರ ಮುಖ ನೋಡೋದು ನಿನ್ ಕಷ್ಟ.