ಹೂವಿನಾಕೆ ಸುಮ್ನೆ ಕೂಗಿದಳು

ಆಪ್ತಸಲಹೆಗೆ ಬರುವವರ ಬಾಯಲ್ಲಿ ಪದೇ ಪದೇ ಕೇಳುವ ಮಾತು ಒಂದಿದೆ. "ನನಗೆ ಆಗಲೇ ಅನಿಸಿತ್ತು ಮೇಡಂ." ಮಗ ಟ್ಯೂಷನ್‌ಗೆ ಚಕ್ಕರ್ ಹಾಕುತ್ತಿದ್ದದ್ದು ಗೊತ್ತಾದಾಗ, ಆಫೀಸಿನ ಗೆಳತಿ ದಿಢೀರನೆ ಕೆಲಸ ಬಿಟ್ಟಾಗ, ಪಕ್ಕದ ಮನೆಯವರು ಆಸ್ಪತ್ರೆ ಸೇರಿದಾಗ, ಎಲ್ಲದಕ್ಕೂ ಇದೇ. "ಸರಿ, ಅನಿಸಿದಾಗ ಏನು ಮಾಡಿದ್ರಿ?" ಎಂದು ನಾನು ಕೇಳುತ್ತೇನೆ. ಅವರು ಕಿಟಕಿಯ ಕಡೆ ನೋಡುತ್ತಾರೆ. "ಏನಿಲ್ಲ, ಸುಮ್ನೆ ಇದ್ದೆ."

ಇವರಲ್ಲಿ ಕೆಲವರಿಗೆ ನಿಜವಾಗಿಯೂ ಮೊದಲೇ ಅನಿಸಿರುತ್ತದೆ. ಇನ್ನು ಕೆಲವರಿಗೆ ಆದಮೇಲೆ, ಆಗಲೇ ಅನಿಸಿತ್ತು ಎಂದು ಅನಿಸಿರುತ್ತದೆ. ಯಾರು ಯಾವ ಗುಂಪು ಎಂದು ವಿಂಗಡಿಸುವುದು ನನ್ನ ಕೆಲಸ ಅಲ್ಲ. ಎರಡೂ ಗುಂಪಿನವರಿಗೆ ನಿದ್ದೆ ಮಾತ್ರ ಒಂದೇ ರೀತಿ ಕೆಟ್ಟಿರುತ್ತದೆ.

ಅವರಲ್ಲಿ ಒಬ್ಬರ ವಿಷಯವನ್ನು, ಅವರ ಒಪ್ಪಿಗೆ ಪಡೆದು, ಇಲ್ಲಿ ಬರೆಯುತ್ತಿದ್ದೇನೆ. ಸುಮಾ ಎಂದು ಕರೆಯೋಣ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ನಲವತ್ತೈದು ದಾಟಿದವರು, ಮೈಸೂರಿನ ಹಳೇ ಬಡಾವಣೆಯೊಂದರಲ್ಲಿ ಮನೆ, ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಗಂಡ ಒಳ್ಳೆಯವರು, ಮಗ ಪಿಯುಸಿ. ಮನೆಯಲ್ಲಿ ಹೇಳಿಕೊಳ್ಳುವಂಥ ಜಗಳ ಇಲ್ಲ. ರಾತ್ರಿ ಮೂರಕ್ಕೆ ಎಚ್ಚರ ಆಗುತ್ತದೆ, ಆಮೇಲೆ ನಿದ್ದೆ ಬರುವುದಿಲ್ಲ, ಅದಕ್ಕೇ ಬಂದದ್ದು.

ಎದುರು ಮನೆಯಲ್ಲಿ ಒಬ್ಬರೇ ಇರುವ ಅಜ್ಜಿ ಇದ್ದಾರೆ. ಆರು ಗಂಟೆಯೊಳಗೆ ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಹಾಕುವುದು ಅವರ ಕಟ್ಟುನಿಟ್ಟು. ಒಂದು ಬೆಳಿಗ್ಗೆ ರಂಗೋಲಿ ಇರಲಿಲ್ಲ. ಗೇಟಿಗೆ ನೇತುಹಾಕಿದ ಚೀಲದಲ್ಲಿ ನಂದಿನಿ ಪ್ಯಾಕೆಟ್ ಹಾಗೇ ಇತ್ತು. ಆಫೀಸಿಗೆ ಹೊರಟ ಸುಮಾ ಎರಡನ್ನೂ ನೋಡಿದರು. ಎದೆ ಧಸಕ್ ಎಂದಿತು. ತಕ್ಷಣ ಮನಸ್ಸು ಸಮಾಧಾನವನ್ನೂ ಹುಡುಕಿಕೊಟ್ಟಿತು: ಅಜ್ಜಿಯ ಮನೆಯಲ್ಲಿ ತಿಥಿ ಇರಬೇಕು. ಅವರ ಪೈಕಿಯಲ್ಲಿ ತಿಥಿ ದಿನ ಕಾರ್ಯ ಮುಗಿಯುವ ತನಕ ರಂಗೋಲಿ ಹಾಕುವುದಿಲ್ಲ ಅಲ್ವಾ. ತಿಥಿ ಮನೆಯಲ್ಲಿ ಹಾಲು ಯಾಕೆ ಹೊರಗೆ ಇರುತ್ತದೆ ಎಂಬ ಪ್ರಶ್ನೆಯೂ ಬಂತಂತೆ. ಅಷ್ಟರಲ್ಲಿ ಬಸ್ಸೂ ಬಂತು.

ಆದದ್ದು ಇಷ್ಟು. ನಸುಕಿನಲ್ಲಿ ಎದ್ದ ಅಜ್ಜಿ ಬಚ್ಚಲಿನ ಹತ್ತಿರ ಜಾರಿದ್ದರು. ಕಾಲು ಉಳುಕಿ ಏಳಲು ಆಗದೆ ನಡುಮನೆಯ ಗೋಡೆಗೆ ಒರಗಿ ಕೂತಿದ್ದರು. ಫೋನು ಇನ್ನೊಂದು ಕೋಣೆಯಲ್ಲಿ. ಹತ್ತು ಗಂಟೆ ಹೊತ್ತಿಗೆ ಬಂದ ಹೂವಿನಾಕೆ ಗೇಟಿನಲ್ಲಿ ನಿಂತು ಕೂಗಿದಳು, ಉತ್ತರ ಕೇಳಿಸಲಿಲ್ಲ. ಕಿಟಕಿಯ ಹತ್ತಿರ ಹೋಗಿ ಕೂಗಿದಳು, ಅಜ್ಜಿ ಓಗೊಟ್ಟರು. ಮೂಲೆಯ ಇಸ್ತ್ರಿ ಅಂಗಡಿಯವನು ಹಿತ್ತಲ ಕಡೆಯಿಂದ ಒಳಗೆ ಹೋದ. ಮೂಳೆ ಮುರಿದಿರಲಿಲ್ಲ. ಡಾಕ್ಟರು ಬ್ಯಾಂಡೇಜ್ ಸುತ್ತಿ ಕೆಲವು ದಿನ ಕಾಲೂರಬೇಡಿ ಎಂದರು. ಅಜ್ಜಿ ಅದನ್ನು ಮರೆತು ಮೊದಲಿನ ಹಾಗೆ ಓಡಾಡತೊಡಗಿದರು. ಸುಮಾ ಮರೆಯಲಿಲ್ಲ.

ಮೊದಲ ಭೇಟಿಗಳಲ್ಲಿ ಅವರು ಹೇಳಿದ್ದೆಲ್ಲ ಪಶ್ಚಾತ್ತಾಪ. ನಾನು ಕೆಟ್ಟವಳು, ನನಗೆ ಬಸ್ಸೇ ಹೆಚ್ಚಾಯಿತು, ಇತ್ಯಾದಿ. ನಾನು ಹೆಚ್ಚು ಸಮಾಧಾನ ಹೇಳಲಿಲ್ಲ. ಸಮಾಧಾನ ಹೇಳುವವರು ಮನೆಯಲ್ಲೇ ಬೇಕಾದಷ್ಟು ಜನ ಇದ್ದರು. ಆಮೇಲೆ ಒಂದು ದಿನ ಅವರು ಸಿಟ್ಟಿನಲ್ಲೇ ಬಂದರು. ಕುರ್ಚಿ ಎಳೆದುಕೊಂಡು ಕೂತವರೇ ಶುರು ಮಾಡಿದರು.

"ನೋಡಿದವಳು ನಾನು ಮೇಡಂ. ರಂಗೋಲಿ ಇಲ್ಲ ಅಂತ ನೋಡಿದ್ದು ನಾನು, ಹಾಲು ನೋಡಿದ್ದು ನಾನು. ಆ ಹೂವಿನಾಕೆಗೆ ಏನೂ ಅನಿಸಿರಲೇ ಇಲ್ಲ. ಸುಮ್ನೆ ಕೂಗಿದಳು ಅಷ್ಟೆ. ಈಗ ಬೀದಿಯಲ್ಲೆಲ್ಲ ಅವಳದೇ ಹೆಸರು."

ನನಗೆ ನಗು ತಡೆಯಲಾಗಲಿಲ್ಲ. ಅವರು ಒಂದು ಕ್ಷಣ ನನ್ನನ್ನೇ ದಿಟ್ಟಿಸಿ ನೋಡಿ, ಆಮೇಲೆ ತಾವೂ ನಕ್ಕರು. ಪಶ್ಚಾತ್ತಾಪದ ಕೆಳಗೆ ಇಷ್ಟು ಹೊಟ್ಟೆಕಿಚ್ಚು ಇದ್ದದ್ದು ಅವರಿಗೂ ಆಗಲೇ ಗೊತ್ತಾದದ್ದು. ಅದರಲ್ಲಿ ತಪ್ಪೇನಿಲ್ಲ. ಮನುಷ್ಯರಿಗೆ ಇರುವಂಥದ್ದೇ.

"ಅವಳು ಯಾಕೆ ಕೂಗಿದಳು?" ಎಂದೆ.

"ಹೂವು ಮಾರೋಕೆ."

"ಉತ್ತರ ಬರಲಿಲ್ಲ. ಆಗ?"

"ಇನ್ನೊಂದು ಸಲ ಕೂಗಿದಳು."

"ಆಗಲೂ ಬರಲಿಲ್ಲ."

"ಕಿಟಕಿ ಹತ್ರ ಹೋದಳು. ಹಿಂದಿನ ವಾರದ ಹೂವಿನ ದುಡ್ಡು ಬಾಕಿ ಇತ್ತಂತೆ ಮೇಡಂ!"

"ಆ ಬೆಳಿಗ್ಗೆ ನೀವೂ ಒಂದು ಸಲ ಕೂಗಬಹುದಿತ್ತಲ್ಲ?"

"ಏನಂತ ಕೂಗೋದು? ಅಜ್ಜೀ ಬಿದ್ದಿದ್ದೀರಾ ಅಂತಾನಾ?"

ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ಅವರ ತೊಂದರೆ ಬಸ್ಸೂ ಅಲ್ಲ, ಕಲ್ಲು ಮನಸ್ಸೂ ಅಲ್ಲ. ಒಳಗೆ ಏನಾಗಿದೆ ಎಂದು ಖಚಿತವಾಗಿ ಗೊತ್ತಾದ ಮೇಲೆಯೇ ಬಾಗಿಲು ತಟ್ಟಬೇಕು ಎಂದು ಅವರು ನಂಬಿದ್ದರು. ಲೆಕ್ಕ ಬರೆಯುವವರು, ತಾಳೆ ಆಗದೆ ಮುಂದಿನ ಪುಟಕ್ಕೆ ಹೋಗುವವರಲ್ಲ. ಆದರೆ ಮನಸ್ಸಿಗೆ ಹಾಗೆ ಅನಿಸುವಾಗ ಅದು ಹೇಳುವುದು ಇವತ್ತು ಏನೋ ಬೇರೆ ಇದೆ ಎಂಬಷ್ಟನ್ನೇ. ವರ್ಷಗಟ್ಟಲೆ ನೋಡಿದ ಬಾಗಿಲು ಹೇಗಿರುತ್ತದೆ ಎಂದು ಕಣ್ಣಿಗೆ ಗೊತ್ತು. ಇವತ್ತು ಹಾಗಿಲ್ಲ ಎಂಬುದೂ ಗೊತ್ತು. ಕಾರಣ ಅದಕ್ಕೆ ಗೊತ್ತಿಲ್ಲ, ಎಷ್ಟು ಹೊತ್ತು ಕಾದರೂ ಗೊತ್ತಾಗುವುದಿಲ್ಲ. ಹೋಗಿ ಕೇಳಿದರೆ ಮಾತ್ರ ಗೊತ್ತಾಗುತ್ತದೆ.

"ಹಾಲು ಹೊರಗೇ ಇದೆ ಅಂತ ಕೂಗಿ" ಎಂದೆ. "ಕಂಡದ್ದನ್ನೇ ಹೇಳಿ. ಇದರಲ್ಲಿ ತಪ್ಪಾಗೋಕೆ ಏನಿದೆ?"

ಅಲ್ಲೇ ಅಭ್ಯಾಸ ಮಾಡಿಸಿದೆ. ಮೊದಲ ಸಲ ಗಂಟಲಿಂದ ಧ್ವನಿಯೇ ಬರಲಿಲ್ಲ. ಎರಡನೇ ಸಲ ಆಫೀಸಿನಲ್ಲಿ ಫೈಲು ಕೇಳುವ ಹಾಗೆ ಬಂತು. ಮೂರನೇ ಸಲ "ಅಜ್ಜೀ, ಹಾಲು ಹೊರಗೇ ಇದೆ!" ಎಂದು ಕೂಗಿದ ರಭಸಕ್ಕೆ ಹೊರಗೆ ಸರದಿಗೆ ಕಾಯುತ್ತಿದ್ದವರೊಬ್ಬರು ಬಾಗಿಲು ಸರಿಸಿ ಇಣುಕಿದರು. ಪರವಾಗಿಲ್ಲವಾ ಎಂದು ನೋಡಲು ಬಂದದ್ದಂತೆ. "ನೋಡಿ, ಅವರೂ ಅಷ್ಟೇ ಮಾಡಿದ್ದು" ಎಂದೆ.

ಆ ದಿನ ಇನ್ನೆರಡು ವಿಷಯ ಹೇಳಿದೆ, ತಮ್ಮನ್ನು ತಾವು ಬೈದುಕೊಳ್ಳುವುದು ಸ್ವಲ್ಪ ಕಡಿಮೆ ಆಗಲಿ ಎಂದು. ಅಮೆರಿಕದ ಡಾರ್ಲಿ ಮತ್ತು ಲಟಾನೆ ಎಂಬ ಮನಶ್ಶಾಸ್ತ್ರಜ್ಞರು 1968ರಲ್ಲಿ ಪ್ರಕಟಿಸಿದ ಪ್ರಯೋಗ ಒಂದು. ಕೋಣೆಯಲ್ಲಿ ಕೂತು ಅರ್ಜಿ ತುಂಬುತ್ತಿದ್ದವರ ಕಡೆಗೆ ಗೋಡೆಯ ಸಂದಿಯಿಂದ ಹೊಗೆ ಬಿಟ್ಟರು. ಒಬ್ಬರೇ ಇದ್ದಾಗ ನೂರಕ್ಕೆ 75 ಜನ ಎದ್ದು ಹೋಗಿ ಹೇಳಿದರು. ಅಕ್ಕಪಕ್ಕ ಇಬ್ಬರು, ಮೊದಲೇ ಹೇಳಿಕೊಟ್ಟ ಹಾಗೆ, ಏನೂ ಆಗಿಲ್ಲವೆಂಬಂತೆ ಕೂತಿದ್ದಾಗ ಹೇಳಿದವರು ನೂರಕ್ಕೆ 10 ಮಾತ್ರ. ಉಳಿದವರು ಕಣ್ಣು ಉಜ್ಜಿಕೊಳ್ಳುತ್ತ ಅರ್ಜಿ ತುಂಬಿದರು! ಸುಮಾ ಅವರ ಬೀದಿಯಲ್ಲೂ ಅಂದು ಬೆಳಿಗ್ಗೆ ಆ ಗೇಟಿನ ಮುಂದೆ ಎಷ್ಟೋ ಜನ ಹಾದುಹೋಗಿದ್ದರು. ಎಲ್ಲರೂ ಉಳಿದವರ ಮುಖ ನೋಡಿ, ಏನೂ ಇಲ್ಲ ಬಿಡು ಎಂದುಕೊಂಡವರೇ.

ಇನ್ನೊಂದು 1973ರಲ್ಲಿ ಪ್ರಕಟವಾದದ್ದು, ಡಾರ್ಲಿ ಮತ್ತು ಬ್ಯಾಟ್ಸನ್ ಅವರದು. ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿ ಆಗಲು ಓದುತ್ತಿದ್ದವರನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಮುದುಡಿ ಕೂತು ಕೆಮ್ಮುತ್ತಿದ್ದ. ಸಮಯ ಇದೆ ಎಂದುಕೊಂಡವರಲ್ಲಿ ನೂರಕ್ಕೆ 63 ಜನ ವಿಚಾರಿಸಿದರು, ತಡವಾಗಿದೆ ಎಂದು ಓಡುತ್ತಿದ್ದವರಲ್ಲಿ 10. ಅವರಲ್ಲಿ ಅರ್ಧ ಜನ ಹೋಗುತ್ತಿದ್ದದ್ದು ದಾರಿಯಲ್ಲಿ ಬಿದ್ದವನಿಗೆ ನೆರವಾದ, ಬೈಬಲ್ ಕಥೆಯ ಸಮಾರ್ಯದವನ ಬಗ್ಗೆ ಮಾತಾಡಲು! ಸುಮಾ ಇದನ್ನು ಕೇಳಿ, "ಹಾಗಾದ್ರೆ ನನ್ನ ಬಸ್ಸೂ ಸ್ವಲ್ಪ ಕಾರಣ" ಎಂದರು. ಹೌದು, ಸ್ವಲ್ಪ.

ಕೊನೆಗೆ ನಾನು ಕೊಟ್ಟ ಸಲಹೆ ಚಿಕ್ಕದು. ಏನೋ ಸರಿಯಿಲ್ಲ ಅನಿಸಿದರೆ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಕಣ್ಣಿಗೆ ಏನು ಬಿತ್ತು, ಕಿವಿಗೆ ಏನು ಬಿತ್ತು? ಹೇಳಲು ಒಂದು ವಸ್ತು ಸಿಕ್ಕಿದರೆ, ಅಂದರೆ ಹಾಲು, ಬೀಗ, ಎರಡು ದಿನದ ಪೇಪರ್, ಯಾವಾಗಲೂ ಮಾತಾಡುವವರ ಮೌನ, ಹೀಗೆ ಏನಾದರೂ ಸಿಕ್ಕಿದರೆ ಅದನ್ನೇ ಅವರಿಗೆ ಹೇಳಿ. ಒಂದು ಸಲ ಬಾಗಿಲು ತಟ್ಟಿ ಅಥವಾ ಒಂದು ಫೋನ್ ಮಾಡಿ. ಉತ್ತರ ಬರದಿದ್ದರೆ ಇನ್ನೊಬ್ಬರನ್ನು ಕರೆಯಿರಿ. ಉತ್ತರ ಬಂದರೆ ಅಲ್ಲಿಗೆ ಬಿಡಿ. ಹೇಳಲು ಏನೂ ಸಿಗದೆ "ಅಕಸ್ಮಾತ್ ಹಾಗಾದರೆ, ಹೀಗಾದರೆ" ಎಂಬುದು ಮಾತ್ರ ಇದ್ದರೆ ಅದು ಚಿಂತೆ. ಅದಕ್ಕೆ ಬೇರೆಯವರ ಬಾಗಿಲು ತಟ್ಟುವುದು ಬೇಡ, ಅದನ್ನು ಇಲ್ಲಿಗೆ ತನ್ನಿ.

ಈ ಸಲಹೆ ಎಲ್ಲರಿಗೂ ಹಿಡಿಸಿಲ್ಲ. "ಮೊದಲೇ ಚಿಂತೆ ಮಾಡುವವರ ಕೈಗೆ ನೀನು ಲೈಸೆನ್ಸ್ ಕೊಟ್ಟೆ" ಎಂದು ನನ್ನ ಜೊತೆಯ ಸಲಹೆಗಾರರೊಬ್ಬರು ಆಕ್ಷೇಪ ತೆಗೆದರು. ಅವರ ಮಾತಿನಲ್ಲಿ ಹುರುಳಿದೆ. ಗೀಳು ಕಾಯಿಲೆ ಇರುವವರು ಗ್ಯಾಸ್ ಆಫ್ ಆಗಿದೆಯಾ, ಬೀಗ ಹಾಕಿದೆಯಾ ಎಂದು ಮತ್ತೆ ಮತ್ತೆ ನೋಡುತ್ತಾರೆ. ನೋಡಿದಾಗ ಸಿಗುವ ನೆಮ್ಮದಿಯೇ ಗೀಳನ್ನು ಗಟ್ಟಿ ಮಾಡುತ್ತದೆ. ಅವರಿಗೆ ಚಿಕಿತ್ಸೆಯಲ್ಲಿ ಕಲಿಸುವುದು ನೋಡದೇ ಇರುವುದನ್ನು, ಆ ಕಸಿವಿಸಿಯನ್ನು ತಾಳಿಕೊಳ್ಳುವುದನ್ನು. ಅಂಥವರಿಗೆ ನಾನು ಈ ಸಲಹೆ ಖಂಡಿತ ಕೊಡುವುದಿಲ್ಲ. ಸುಮಾ ಅವರಲ್ಲಿ ಆ ಲಕ್ಷಣ ಇಲ್ಲ ಎಂದು ವಿಚಾರಿಸಿಯೇ ಹೇಳಿದ್ದು. "ಒಂದು ಸಲ" ಎಂಬ ಮಿತಿ ಇಟ್ಟದ್ದೂ ಅದಕ್ಕೇ. ಆದರೆ ಸುಮ್ಮನಿರುವುದೇ ಕ್ಷೇಮ ಎಂದು ಹೇಳಿ ಕಳಿಸಲು ನನಗೆ ಮನಸ್ಸಾಗುವುದಿಲ್ಲ. ನನ್ನ ಅನುಭವದಲ್ಲಿ ಕೇಳಿ ಪೆಚ್ಚಾದವರು ಸಂಜೆಗೆ ಅದನ್ನು ಹೇಳಿಕೊಂಡು ನಗುತ್ತಾರೆ. ಕೇಳದೆ ಉಳಿದವರು ಮೂರು ಗಂಟೆಗೆ ಎದ್ದು ಕೂರುತ್ತಾರೆ.

ಸುಮಾ ಅವರ ಗಂಡನ ತಕರಾರು ಬೇರೆ. "ಇಲ್ಲದ ಉಸಾಬರಿ. ನಾಳೆ ಪೊಲೀಸು, ಸಾಕ್ಷಿ ಅಂತ ಅಲೆಸ್ತಾರೆ." ಈ ಮಾತು ಬಹಳ ಮನೆಗಳಲ್ಲಿ ಇದೆ, ಹಾಗಾಗಿ ಹೇಳಿಬಿಡುತ್ತೇನೆ. ರಸ್ತೆ ಅಪಘಾತದಲ್ಲಿ ನೆರವಾದವರಿಗೆ ರಕ್ಷಣೆ ಕೊಡುವ ಮಾರ್ಗಸೂಚಿಯನ್ನು 2016ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿತು. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕುವ ಹಾಗಿಲ್ಲ, ಹೆಸರು ವಿಳಾಸ ಹೇಳಿ ಎಂದು ಬಲವಂತ ಮಾಡುವ ಹಾಗಿಲ್ಲ. ಎದುರು ಮನೆಯ ಅಜ್ಜಿಯ ವಿಷಯಕ್ಕೆ ಇದ್ಯಾವುದೂ ಬೇಕಿಲ್ಲ, ಬಿಡಿ. ಅಲ್ಲಿ ಬೇಕಾದದ್ದು ಗೊತ್ತಿರಬೇಕು: ಬಿದ್ದವರನ್ನು ರಟ್ಟೆ ಹಿಡಿದು ಎಬ್ಬಿಸಲು ಹೋಗಬೇಡಿ. ಎಲ್ಲಿ ನೋವು ಎಂದು ಮೊದಲು ಕೇಳಿ. ಸೊಂಟ, ತಲೆ ಎಂದರೆ ಹಾಗೇ ಇರಿಸಿ 108ಕ್ಕೆ ಫೋನ್ ಮಾಡಿ.

ಸ್ವಲ್ಪ ದಿನದ ಮೇಲೆ ಸುಮಾ ಮುಖ ಕೆಂಪು ಮಾಡಿಕೊಂಡು ಬಂದರು. ಮತ್ತೆ ಒಂದು ಬೆಳಿಗ್ಗೆ ರಂಗೋಲಿ ಇರಲಿಲ್ಲವಂತೆ. ಇವರು ಗೇಟಿನಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ್ದಾರೆ. ಅಜ್ಜಿ ಒದ್ದೆ ಸೀರೆಯಲ್ಲೇ ಹೊರಗೆ ಬಂದು, "ಏನೇ ಅದು ಬೊಬ್ಬೆ? ಇವತ್ತು ನಮ್ಮನೆಯವರ ತಿಥಿ. ನಾನೂ ಹೋದೆ ಅಂದ್ಕೊಂಡ್ಯಾ?" ಎಂದರಂತೆ. ಒಳಗಿದ್ದ ಪುರೋಹಿತರೂ ಬಗ್ಗಿ ನೋಡಿದರಂತೆ.

"ನನ್ನ ಮನಸ್ಸು ಸುಳ್ಳು ಹೇಳ್ತು ಮೇಡಂ."

"ರಂಗೋಲಿ ಇರಲಿಲ್ಲ ಅಲ್ವಾ? ಸುಳ್ಳೇನು ಬಂತು?"

ಅವರು ಯೋಚಿಸಿದರು. ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ಆದರೆ ಆ ರಾತ್ರಿ ನಿದ್ದೆ ಬಂತಾ ಎಂದು ಕೇಳಿದರೆ, ಬಂತು ಎಂದರು.

ಬೈದ ಅಜ್ಜಿ ಸಂಜೆಯೇ ಸುಮಾ ಅವರನ್ನು ಕರೆಸಿಕೊಂಡರು. ಮಗಳ ಫೋನ್ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟರು. ಹಿತ್ತಲ ಬಾಗಿಲಿನ ಇನ್ನೊಂದು ಕೀಲಿಯನ್ನು ಇಸ್ತ್ರಿ ಅಂಗಡಿಯವನ ಹತ್ತಿರ ಕೊಟ್ಟಿರುವುದಾಗಿ ಹೇಳಿದರು. ಎಂಟು ಗಂಟೆ ಮೇಲೂ ಹಾಲು ಹೊರಗಿದ್ದರೆ ಕೂಗು, ಅದಕ್ಕೆ ಮುಂಚೆ ಬೇಡ, ನನಗೂ ಒಂದೊಂದು ದಿನ ಮಲಗಬೇಕು ಅನಿಸುತ್ತದೆ ಎಂದರು. ನನ್ನ ಸಲಹೆಗಿಂತ ಇದು ಎಷ್ಟೋ ವಾಸಿ. ಒಂಟಿಯಾಗಿರುವ ಹಿರಿಯರು ನಿಮ್ಮ ಬೀದಿಯಲ್ಲಿದ್ದರೆ ಅವರನ್ನೇ ಕೇಳಿ: ಕೀಲಿ ಯಾರ ಹತ್ತಿರ ಇದೆ, ಯಾರಿಗೆ ಫೋನ್ ಮಾಡಬೇಕು, ಎಷ್ಟು ಗಂಟೆ ಮೇಲೆ ಗಾಬರಿ ಆಗಬೇಕು. ಹಿರಿಯರಿಗೆಂದೇ ಇರುವ 14567 ಸಹಾಯವಾಣಿಯ ನಂಬರನ್ನೂ ಅವರ ಫೋನಿನ ಹತ್ತಿರ ಬರೆದಿಡಿ. ಸುಮಾ ಅವರ ಹಾಗೆ ನಿಮಗೇ ನಿದ್ದೆ ಕೆಟ್ಟಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಸುಮಾ ಈಗ ನನ್ನ ಹತ್ತಿರ ಬರುವುದನ್ನು ನಿಲ್ಲಿಸಿದ್ದಾರೆ. ಹೂವಿನಾಕೆಯ ಜೊತೆ ಮಾತು ಬೆಳೆದಿದೆಯಂತೆ. ಅಜ್ಜಿಯ ಬಾಕಿ ಮಾತ್ರ ಇನ್ನೂ ತೀರಿಲ್ಲವಂತೆ.