ಓದುಗರ ಪ್ರಶ್ನೆ: 14 ಸ್ಯಾಕ್ ಮಾಡಿದವನು ಎರಡನೇ ನಂಬರ್ ಯಾಕೆ?

ಪ್ರಶ್ನೆ: ಸರ್, ಮಗ ಸೊಸೆ ಮಿಶಿಗನ್‌ನ ಆನ್ ಆರ್ಬರ್‌ನಲ್ಲಿದ್ದಾರೆ, ಅಲ್ಲಿಗೆ ಹೋದಾಗೆಲ್ಲ ಅವರ ಜೊತೆ ಕೂತು ಅಮೆರಿಕನ್ ಫುಟ್‌ಬಾಲ್ ನೋಡಿ ನೋಡಿ ನಂಗೂ ಹುಚ್ಚು ಹತ್ಕೊಂಡಿದೆ. 2022ರ ಡ್ರಾಫ್ಟ್ ವಿಷ್ಯ ಎತ್ತಿದ್ರೆ ಮಗ ಈಗ್ಲೂ ಉರ್ಕೊಳ್ತಾನೆ. ಅವರ ಯೂನಿವರ್ಸಿಟಿಯ ಏಡನ್ ಹಚಿನ್ಸನ್ ಹಿಂದಿನ ಸೀಸನ್‌ನಲ್ಲಿ 14 ಸ್ಯಾಕ್ ಮಾಡಿ ಎರಡನೆಯವನಾಗಿ ಆಯ್ಕೆ ಆದ, ಜಾರ್ಜಿಯಾದ ಟ್ರಾವನ್ ವಾಕರ್ 6 ಮಾಡಿ ಮೊದಲನೆಯವನಾದ. ಇದ್ಯಾವ ನ್ಯಾಯ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಈ ಆಟ ಗೊತ್ತಿಲ್ಲದವರಿಗೆ ಮೊದ್ಲು ಹೇಳ್ಬಿಡ್ತೀನಿ, ಚೆಂಡು ಎಸೆದು ದಾಳಿ ನಡೆಸೋ ಆಟಗಾರ ಕ್ವಾರ್ಟರ್‌ಬ್ಯಾಕ್, ಅವನು ಎಸೆಯೋಕ್ ಮುಂಚೆನೇ ಅವನನ್ನ ಹಿಡಿದು ಕೆಡವಿದ್ರೆ ಅದು ಸ್ಯಾಕ್, ಸಾಲಿನ ತುದೀಲಿ ನಿಂತು ಆ ಕೆಲ್ಸಕ್ಕೆ ನುಗ್ಗೋನು ಡಿಫೆನ್ಸಿವ್ ಎಂಡ್, ಹಚಿನ್ಸನ್, ವಾಕರ್ ಇಬ್ರೂ ಅಂಥವ್ರೇ. ಡ್ರಾಫ್ಟ್ ಅಂದ್ರೆ ವೃತ್ತಿಪರ ಟೀಮ್‌ಗಳು ಕಾಲೇಜು ಹುಡುಗರನ್ನ ಸರದಿ ಪ್ರಕಾರ ಆರಿಸ್ಕೊಳ್ಳೋದು.

ಈಗ ನಿಮ್ಮ ಮಗನ ಸಿಟ್ಟಿಗೆ ಬರೋಣ. ಡ್ರಾಫ್ಟಲ್ಲಿ ಟೀಮ್‌ನವ್ರು ಹುಡುಗ ಕಾಲೇಜಲ್ಲಿ ಏನ್ ಮಾಡ್ದ ಅನ್ನೋದಕ್ಕಿಂತ ಮುಂದೆ ಏನಾಗ್ಬಹುದು ಅನ್ನೋದಕ್ಕೇ ಜಾಸ್ತಿ ಬೆಲೆ ಕೊಡ್ತಾರೆ. ವಾಕರ್ ತೂಕ 123 ಕೆಜಿ, ಅಷ್ಟು ಮೈ ಹೊತ್ಕೊಂಡು 40 ಗಜ ಓಡಿದ್ದು 4.51 ಸೆಕೆಂಡಲ್ಲಿ, ಡ್ರಾಫ್ಟ್‌ಗೆ ಮುಂಚೆ ಹುಡುಗರ ಓಟ, ಮೈಕಟ್ಟು ಅಳೆಯೋ ಇಂಡಿಯಾನಾಪೊಲಿಸ್‌ನ ಕಂಬೈನ್‌ನಲ್ಲಿ ನೋಡ್ದವ್ರೆಲ್ಲ ಬೆಪ್ಪಾಗಿದ್ರು. ಆಮೇಲೆ ತೋಳು! ವಾಕರ್‌ದು 35 ಇಂಚಿನ ಮೇಲೆ, ಹಚಿನ್ಸನ್‌ದು 32 ಚಿಲ್ಲರೆ. ನಗ್ಬೇಡಿ, ಎದುರಿಗೆ ತಡೆಯೋಕೆ ನಿಂತಿರೋ ಟ್ಯಾಕಲ್ ಇವನಿಗಿಂತ್ಲೂ ದೊಡ್ಡ ಆಳು, ಇಬ್ಬರಲ್ಲಿ ಯಾರ ಅಂಗೈ ಮೊದಲು ಇನ್ನೊಬ್ಬನ ಎದೆಗೆ ಬೀಳುತ್ತೋ ಅವನದ್ದೇ ಮೇಲುಗೈ, ಅಲ್ಲಿ ಮೂರು ಇಂಚು ಅಂದ್ರೆ ಸುಮ್ನೆ ಅಲ್ಲ. ಇನ್ನೊಂದು, ಜಾರ್ಜಿಯಾದ ಆ ಡಿಫೆನ್ಸ್‌ನಿಂದ ಒಂದೇ ವರ್ಷ ಐದು ಜನ ಮೊದಲ ರೌಂಡಲ್ಲೇ ಹೋದ್ರು, ಅಂಥ ಟೀಮಲ್ಲಿ ಸ್ಯಾಕ್ ಹಂಚಿ ಹೋಗುತ್ತೆ, ವಾಕರ್‌ನ ಎಷ್ಟೋ ಸಲ ಒಳಗೆ ನಿಲ್ಲಿಸಿ ಜಾಗ ಕಾಯೋ ಕೆಲ್ಸಾನೂ ಮಾಡಿಸ್ತಿದ್ರು. ಹಾಗಾಗಿ 6 ಅನ್ನೋದನ್ನ ಬರೀ 6 ಅಂತ ಓದಬಾರ್ದು.

ಆದ್ರೂ ನನ್ನ ಕೇಳಿದ್ರೆ ವಾಕರ್‌ನ ಎತ್ಕೊಂಡ ಜಾಗ್ವಾರ್ಸ್ ಟೀಮ್‌ನವ್ರು ಅತಿಯಾಗಿ ತಲೆ ಓಡಿಸಿದ್ರು. ಎಂಡ್‌ಗೆ ನೇರ ಓಟಕ್ಕಿಂತ ಬಾಗಿ ತಿರುಗೋದು ಮುಖ್ಯ, ಅದನ್ನ ಅಳೆಯೋದು ತ್ರೀ ಕೋನ್ ಅನ್ನೋ ಟೆಸ್ಟಲ್ಲಿ, ಹಚಿನ್ಸನ್ ಅದನ್ನ 6.73 ಸೆಕೆಂಡಲ್ಲಿ ಮುಗಿಸಿದ, ಅಷ್ಟುದ್ದದ ಹುಡುಗನಿಗೆ ಅದು ಭಯಂಕರ ಟೈಮಿಂಗ್. ಅದೇ ಮಿಶಿಗನ್‌ನ ಡೆಟ್ರಾಯ್ಟ್ ಲಯನ್ಸ್ ಟೀಮ್‌ಗೆ ಮನೆ ಪಕ್ಕದ ಹುಡುಗನೇ ಸಿಕ್ಕ, ಮೊದಲ ವರ್ಷ 9.5 ಸ್ಯಾಕ್, ವಾಕರ್ 3.5. ಹಾಗಂತ ವಾಕರ್ ದಂಡ ಅಂತ ಬಿಡ್ಬೇಡಿ, 2023ರಲ್ಲಿ 10, 2024ರಲ್ಲಿ 10.5 ತಗೊಂಡ, ಅದೇ 2024ರಲ್ಲಿ ಹಚಿನ್ಸನ್ ಐದೇ ಮ್ಯಾಚಲ್ಲಿ 7.5 ಮಾಡಿ ಕಾಲು ಮುರ್ಕೊಂಡು ಕೂತ.

ಪ್ರಶ್ನೆ: ಇದೂ ನಮ್ಮ ಐಪಿಎಲ್ ಹರಾಜಿನ ಥರಾನೇನಾ?

ಉತ್ತರ: ಅಲ್ಲ. ಇಲ್ಲಿ ಕೂಗಾಟ ಇಲ್ಲ. ಹಿಂದಿನ ಸೀಸನ್‌ನಲ್ಲಿ ತೀರಾ ಸೋತ ಟೀಮ್‌ಗೆ ಮೊದಲ ಸರದಿ, ಚಾಂಪಿಯನ್‌ಗೆ ಕೊನೇದು, 32 ಟೀಮ್, ಏಳು ರೌಂಡ್. ಬೇಕಾದ್ರೆ ಸರದೀನ ಬೇರೆ ಟೀಮ್ ಜೊತೆ ಅದಲುಬದಲು ಮಾಡ್ಕೋಬಹುದು. 2011ರಿಂದ ಈಚೆಗೆ ಹುಡುಗನ ಸಂಬಳವೂ ಹೆಚ್ಚುಕಮ್ಮಿ ಅವನ ನಂಬರಿಗೇ ಕಟ್ಟಿರುತ್ತೆ, ಅದಕ್ಕೇ ನಾಲ್ಕೈದು ಸ್ಥಾನ ಜಾರಿದ್ರೂ ಕೋಟಿಗಟ್ಲೆ ಹೋಯ್ತು ಅಂತ್ಲೇ ಲೆಕ್ಕ.

ಪ್ರಶ್ನೆ: ಸಣ್ಣ ಕಾಲೇಜಿನ ಎಂಡ್‌ಗಳಿಗೆ ಚಾನ್ಸೇ ಇಲ್ವಾ?

ಉತ್ತರ: ಯಾಕಿಲ್ಲ? 2019ರಲ್ಲಿ ರೇಡರ್ಸ್ ಟೀಮ್ ದೊಡ್ಡ ಹೆಸರಿನ ಕ್ಲೆಮ್ಸನ್‌ನಿಂದ ಕ್ಲೀಲಿನ್ ಫೆರೆಲ್‌ನ ನಾಲ್ಕನೇ ನಂಬರಿಗೇ ಎತ್ಕೊಳ್ತು. ಅದೇ ಟೀಮ್ ಅದೇ ಡ್ರಾಫ್ಟಲ್ಲಿ ಈಸ್ಟರ್ನ್ ಮಿಶಿಗನ್‌ನ ಮ್ಯಾಕ್ಸ್ ಕ್ರಾಸ್ಬಿನ ತಗೊಂಡಿದ್ದು 106ನೇ ನಂಬರಿಗೆ, ನಿಮ್ಮ ಮಗನ ಊರಿಗೆ ಅಂಟ್ಕೊಂಡೇ ಇರೋ ಇಪ್ಸಿಲ್ಯಾಂಟಿ ಕಾಲೇಜು ಸರ್ ಅದು. ಮೊದಲ ವರ್ಷ ಫೆರೆಲ್ 4.5, ಕ್ರಾಸ್ಬಿ 10. ಕ್ಯಾಮರನ್ ವೇಕ್ ಕತೆ ಇನ್ನೂ ಮಜ, ಅವನು ಪೆನ್ ಸ್ಟೇಟ್‌ನಂಥ ದೊಡ್ಡ ಕಾಲೇಜಿನವನೇ, ಆದ್ರೂ 2005ರಲ್ಲಿ ಏಳೂ ರೌಂಡ್ ಮುಗಿದ್ರೂ ಯಾರೂ ಮೂಸಿ ನೋಡ್ಲಿಲ್ಲ, ಕೆನಡಾ ಲೀಗಿಗೆ ಹೋಗಿ ಆಡಿ 2009ರಲ್ಲಿ ಮಯಾಮಿ ಡಾಲ್ಫಿನ್ಸ್‌ಗೆ ಬಂದು ಸೇರ್ಕೊಂಡ, ನಿವೃತ್ತಿ ಆಗೋ ಹೊತ್ತಿಗೆ ಅವನ ಲೆಕ್ಕದಲ್ಲಿ 100.5 ಸ್ಯಾಕ್ ಇತ್ತು.